ಬೋರೆಕೊಪ್ಪಲಿನ ಎರಡು ಕರೆಂಟು

ವಿದ್ಯುತ್ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ಬೆಳಗೊಳದ ನಮ್ಮ ಮನೆಗೆ ಬರುತ್ತಾರೆ. ಹಳ್ಳಿಗಾಡಿನ ಸೋಲಾರ್ ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. ಪ್ಯಾನೆಲ್ಲನ್ನು ಎಷ್ಟು ಓರೆಯಾಗಿ ಕೂರಿಸಬೇಕು, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎಂಬುದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಒಂದೇ. ಈ ಕೆಲಸದಲ್ಲಿರುವ ಮನುಷ್ಯನಿಗೆ ಬಹಳಷ್ಟು ಸಲ ಏನು ನಡೆಯುತ್ತಿದೆ ಎಂದೇ ತಿಳಿದಿರುವುದಿಲ್ಲ. ತಿಳಿದವರ ಹಾಗೆ ಸಹಿ ಹಾಕಬೇಕಾಗುತ್ತದೆ, ಅಷ್ಟೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬಿಟ್ಟು, ಬೋರೆಕೊಪ್ಪಲು ಎಂಬ ಒಂದು ಊರಿನ ವಿಷಯ ಬರೆಯುತ್ತೇನೆ. ಅಲ್ಲಿ ನಡೆದದ್ದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

ನಮ್ಮಪ್ಪ ಬಡಗಿ. ಬೆಳಗೊಳದಲ್ಲಿ ನೇಗಿಲು, ಬಾಗಿಲಿನ ಚೌಕಟ್ಟು ಮಾಡಿ ನಮ್ಮನ್ನು ಓದಿಸಿದರು. ಅಣೆಕಟ್ಟೆಯ ಮಗ್ಗುಲಿನ ಊರಿನಲ್ಲಿ ಹುಟ್ಟಿದ ನನಗೆ ಕರೆಂಟಿಲ್ಲದ ಊರೊಂದು ಇರಬಹುದು ಎಂಬ ಯೋಚನೆಯೇ ಬಂದಿರಲಿಲ್ಲ. ಎಂಜಿನಿಯರಾಗಿ ಮೊದಲು ಕೆ.ಆರ್. ಪೇಟೆ ಕಡೆ ಸೋಲಾರ್ ಪಂಪ್‌ಸೆಟ್ ನೋಡಿಕೊಳ್ಳುವ ಕೆಲಸಕ್ಕೆ ಬಿದ್ದೆ. ಅಲ್ಲಿಯೇ ಮೊದಲ ಗೊಂದಲ. ಒಬ್ಬ ರೈತರ ಪಂಪು ಬೆಳಿಗ್ಗೆ ಚೆನ್ನಾಗಿ ನೀರೆತ್ತುತ್ತಿತ್ತು, ಬಿಸಿಲೇರಿದಂತೆ ಸೊರಗುತ್ತಿತ್ತು. ಬಿಸಿಲು ಹೆಚ್ಚಾದಂತೆ ನೀರು ಕಡಿಮೆಯಾಗುವ ಪಂಪನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ವೈರು ಬದಲಾಯಿಸಿದೆ, ಮೋಟಾರು ಬಿಚ್ಚಿಸಿದೆ, ಕಂಪನಿಗೆ ಫೋನು ಮಾಡಿದೆ. ಕಡೆಗೊಂದು ದಿನ ಹೇಳದೆ ಕೇಳದೆ ಹೋದಾಗ ಪ್ಯಾನೆಲ್ಲುಗಳ ಮೇಲೆ ಸಾಲಾಗಿ ಅಕ್ಕಿ ಸಂಡಿಗೆ ಒಣಗುತ್ತಿತ್ತು. ಆ ಮನೆಯ ಹೆಂಗಸು ನಾಚಿಕೊಂಡು, "ನೀವು ಬತ್ತೀರ ಅಂದ್ರೆ ಎತ್ಬುಡ್ತಿದ್ದೆ ಕಣ್ರವ್ವ. ಗಾಜು ಬಿಸಿಯಾಗಿರ್ತದೆ, ಒಂದೇ ದಿನಕ್ಕೆ ಗರಿಗರಿ ಆಯ್ತವೆ," ಎಂದರು. ಬರುವಾಗ ಒಂದು ಡಬ್ಬಿ ಸಂಡಿಗೆಯನ್ನೂ ಕೊಟ್ಟರು.

ಆಮೇಲೆ ನಾಗಮಂಗಲಕ್ಕೆ ವರ್ಗವಾಯಿತು. ಅಲ್ಲಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ಒಣ ಸೀಮೆಯಲ್ಲಿ, ಕಲ್ಲುಬಂಡೆಯ ದಿಬ್ಬದ ಮೇಲೆ ಬೋರೆಕೊಪ್ಪಲು ಇದೆ. ಅಂಥ ದಿಬ್ಬಕ್ಕೆ ನಮ್ಮ ಕಡೆ ಬೋರೆ ಅನ್ನುತ್ತಾರೆ. ಕೆಳಗಿನ ಊರಿಗೆ ಕರೆಂಟಿತ್ತು, ಮೇಲಿನ ಕೊಪ್ಪಲಿಗೆ ಇರಲಿಲ್ಲ. ನಡುವಿನ ಜಾಗ ಅರಣ್ಯ ಇಲಾಖೆಯದು. ಕಂಬ ನೆಡಲು ಅವರ ಒಪ್ಪಿಗೆ ಬೇಕು, ಆ ಕಡತ ಯಾವ ಮೇಜಿನ ಮೇಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಸರ್ಕಾರ ಆ ಊರಿಗೆ ಸೋಲಾರ್ ಹೈಬ್ರಿಡ್ ಘಟಕ ಮಂಜೂರು ಮಾಡಿತು. ಹಗಲು ಬಿಸಿಲು, ಸಂಜೆ ಬ್ಯಾಟರಿ, ಮೋಡ ಕವಿದ ದಿನ ಒಂದು ಡೀಸೆಲ್ ಜನರೇಟರು. ಮೂರೂ ಸೇರಿದ್ದರಿಂದ ಹೈಬ್ರಿಡ್.

ಊರವರನ್ನು ಒಪ್ಪಿಸುವ ಕೆಲಸ ನನಗೆ ಬಂತು. ಶಾಲೆಯ ಜಗಲಿಯಲ್ಲಿ ಸಭೆ. ನಾನು ಬಾಯಿ ತೆಗೆದು ಹೈಬ್ರಿಡ್ ಎಂದದ್ದೇ ತಡ, ಮುಂದೆ ಕೂತಿದ್ದ ರೈತರೊಬ್ಬರು ಎದ್ದು ನಿಂತರು.

"ಐಬ್ರೀಡಾ? ಬ್ಯಾಡ ಕಣವ್ವ. ಐಬ್ರೀಡ್ ಜೋಳ ಆಕಿ ನೋಡಾಯ್ತು. ಬಿತ್ನೆ ಮಡಿಕಳಂಗಿಲ್ಲ, ವರ್ಸ ವರ್ಸ ಅಂಗ್ಡಿಗೇ ಓಗ್ಬೇಕು. ಇದೂ ಅಂಗೇಯಾ?"

ಅವರ ಹಿಂದಿನಿಂದ ಇನ್ನೊಬ್ಬರು, "ಐಬ್ರೀಡ್ ಅಸೂನೂ ಅಂಗೇಯ. ಆಲು ಜಾಸ್ತಿ ಕೊಡ್ತದೆ, ಬಿಸ್ಲು ಬಂದ್ರೆ ಏದುಸ್ರು ಬುಡ್ತದೆ," ಎಂದರು.

"ಇದು ಬಿಸಿಲು ಬಂದರೇನೇ ಕೆಲಸ ಮಾಡೋದು," ಎಂದೆ. ಸಭೆ ನಕ್ಕಿತು. ನಾನು ತಮಾಷೆಗೆ ಹೇಳಿದ್ದೆನೋ ಗಂಭೀರವಾಗಿ ಹೇಳಿದ್ದೆನೋ ನನಗೇ ತಿಳಿಯಲಿಲ್ಲ.

ನಗದೆ ಕೂತಿದ್ದವರು ಕೆಂಪಮ್ಮ. ವಯಸ್ಸಾದ ಹೆಂಗಸು, ಒಂದು ಕಾಲದಲ್ಲಿ ಪಂಚಾಯ್ತಿ ಮೆಂಬರಾಗಿದ್ದವರು. ಊರಿನಲ್ಲಿ ಅವರ ಮಾತು ನಡೆಯುತ್ತಿತ್ತು. ಅವರು ಕೂತಲ್ಲಿಂದಲೇ ಕೇಳಿದರು.

"ನೋಡವ್ವ, ನಿಜ ಏಳು. ಈ ಪಿಲೇಟಿನ ಕರೆಂಟ ಈಸ್ಕಂಡ್ರೆ ನಮ್ಗೆ ಕಂಬದ ಕರೆಂಟು ಬತ್ತದಾ? ಇಲ್ಲಾ, ನಿಮ್ಗೆ ಕೊಟ್ಟಾಯ್ತಲ್ಲ ಅಂತ ಕೈ ತೊಳ್ಕತೀರಾ? ಕೆಳಗ್ಲೂರಿಗೆ ಅಸ್ಲಿ ಕರೆಂಟು, ನಮ್ಗೆ ಮಕ್ಕಳಾಟದ್ದು ಅಂತ ಆಗ್ಬಾರ್ದು."

ಕೇಳಿಕೊಂಡು ಬರುತ್ತೇನೆ ಎಂದು ಹೇಳಿ ಬಂದೆ. ನನ್ನ ಮೇಲಧಿಕಾರಿ, "ಬರುತ್ತೆ ಅನ್ನಿ. ಇವತ್ತಲ್ಲ ನಾಳೆ ಬರಲೇಬೇಕಲ್ಲ," ಎಂದರು. ಅವರ ಮೇಲಿನವರು, "ಅಲ್ಲಿ ಸೋಲಾರ್ ಕೂತ ಮೇಲೆ ಕಂಬ ಯಾಕಮ್ಮ? ಆ ಕಡತ ಮುಚ್ಚೋದೇ," ಎಂದರು. ಒಂದೇ ಕಟ್ಟಡದಲ್ಲಿ, ಒಂದೇ ಮಧ್ಯಾಹ್ನ ಸಿಕ್ಕ ಎರಡು ಉತ್ತರ. ನಾನು ಈ ಊರಿಗೆ ಬೆಳಕು ಕೊಡುತ್ತಿದ್ದೇನೋ, ಇವರಿಗೆ ಬರಬೇಕಾದದ್ದನ್ನು ತಪ್ಪಿಸುತ್ತಿದ್ದೇನೋ?

ಮುಂದಿನ ವಾರ ಹೋಗಿ ಕೆಂಪಮ್ಮನವರಿಗೆ ಅದನ್ನೇ ಹೇಳಿದೆ. "ಅಜ್ಜಿ, ಒಬ್ಬರು ಬರುತ್ತೆ ಅಂತಾರೆ, ಇನ್ನೊಬ್ಬರು ಬರಲ್ಲ ಅಂತಾರೆ. ನನಗೆ ಗೊತ್ತಿಲ್ಲ."

ಅವರು ಎಲೆಅಡಿಕೆ ಚೀಲ ಕಟ್ಟುತ್ತ ನನ್ನ ಮುಖವನ್ನೇ ನೋಡಿದರು. "ಇಷ್ಟು ದಿನಕ್ಕೆ ಬಂದೋರೆಲ್ಲ ಗೊತ್ತು ಗೊತ್ತು ಅಂದೋರೇಯ. ಗೊತ್ತಿಲ್ಲ ಅಂದೋಳು ನೀನೊಬ್ಳು. ಆಯ್ತು, ನಿಲ್ಸು ನಿನ್ ಪಿಲೇಟ. ಕಂಬಾನೂ ಕೇಳ್ತಾನೇ ಇರ್ತೀವಿ."

ಟ್ರಾಕ್ಟರಿನಲ್ಲಿ ಪ್ಯಾನೆಲ್ಲು ಹೋದವು, ಬ್ಯಾಟರಿ ಹೋದವು. ಶಾಲೆಯ ಪಕ್ಕದ ಬಯಲಿನಲ್ಲಿ ಕಬ್ಬಿಣದ ಕಾಲುಗಳ ಮೇಲೆ ಪ್ಯಾನೆಲ್ಲು ನಿಂತವು. ಒಂದು ಸಣ್ಣ ಕೋಣೆ ಕಟ್ಟಿ ಬ್ಯಾಟರಿ, ಇನ್ವರ್ಟರು ಇಟ್ಟೆವು. ಮೊದಲ ಸಂಜೆ ದೀಪ ಹತ್ತಿದಾಗ ಕೆಂಪಮ್ಮ ಸಂತೋಷಪಡುತ್ತಾರೆಂದು ಅವರ ಮನೆಯಲ್ಲೇ ನಿಂತಿದ್ದೆ. ಅವರು ಬಲ್ಬು ನೋಡಲಿಲ್ಲ, ಗೋಡೆ ನೋಡಿದರು. "ಅಯ್ಯೋ, ನಮ್ಮನೇಲಿ ಇಷ್ಟೊಂದು ಮಸಿ ಇತ್ತಾ!" ಎಂದರು. ಆ ತಿಂಗಳು ಇಡೀ ಊರು ಗೋಡೆಗೆ ಸುಣ್ಣ ಬಳಿಯಿತು.

ಸ್ವಲ್ಪ ದಿನಕ್ಕೆ ಘಟಕ ತಂತಾನೇ ಆಫಾಗಲು ಶುರುವಾಯಿತು. ಬೆಳಗಿನ ಹೊತ್ತು ಇದ್ದಕ್ಕಿದ್ದಂತೆ ಟ್ರಿಪ್ಪಾಗುತ್ತಿತ್ತು. ಊರಿನಿಂದ ಫೋನು ಬರುತ್ತಿತ್ತು, ನಾನು ಜೀಪು ಹತ್ತುತ್ತಿದ್ದೆ. ನಾನು ಹೋದಾಗ ಎಲ್ಲ ಸರಿಯಾಗಿ ನಡೆಯುತ್ತಿತ್ತು. ನಾನು ವಾಪಸು ಬಂದ ಮೇಲೆ ಮತ್ತೆ ಟ್ರಿಪ್ಪು. ಕಂಪನಿಯವರು ಬಂದು ಇನ್ವರ್ಟರಿನಲ್ಲಿ ದೋಷವಿಲ್ಲ ಎಂದರು. ಕಡೆಗೆ ಒಂದು ದಿನ ಜೀಪು ಬಿಟ್ಟು ನಡೆದುಕೊಂಡೇ ಬೋರೆ ಹತ್ತಿದೆ. ಅರ್ಧ ದಾರಿಯಲ್ಲಿ ಕಣ್ಣು ಕುಕ್ಕುವ ನೀಲಿ ಬೆಳಕು. ಪುಟ್ಟಾಚಾರಿ ಎಂಬ ಕಮ್ಮಾರರು ಕುಲುಮೆಯ ಮುಂದೆ ವೆಲ್ಡಿಂಗ್ ಮಾಡುತ್ತಿದ್ದರು. ಅವರ ಕುಲುಮೆ ಇಳಿಜಾರಿನಲ್ಲಿತ್ತು. ಕೆಳಗೆ ಜೀಪಿನ ಧೂಳು ಕಂಡರೆ ಸಾಕು, ನಿಲ್ಲಿಸಿಬಿಡುತ್ತಿದ್ದರು.

ನನ್ನನ್ನು ಕಂಡು ಅವರು ಮುಖಕ್ಕೆ ಹಿಡಿದಿದ್ದ ಕಪ್ಪು ಗಾಜನ್ನು ಕೆಳಗಿಟ್ಟರು. "ಬೈಯ್ಯಂಗಿದ್ರೆ ಬೈದ್ಬುಡಿ ಮೇಡಂ," ಎಂದರು.

"ಇದಕ್ಕೆ ಅಷ್ಟು ಶಕ್ತಿ ಇಲ್ಲ ಆಚಾರ್ರೆ. ನೀವು ಒಂದು ಗೇಟು ಬೆಸೆಯೋಕೆ ಇಡೀ ಊರಿನ ದೀಪ ಆರಿಸ್ತಿದ್ದೀರಿ."

"ಅಲ್ಲಾ ಮೇಡಂ, ಕರೆಂಟು ಕೊಟ್ಟು ಕೆಲ್ಸ ಮಾಡ್ಬ್ಯಾಡ ಅಂದ್ರೆ ಎಂಗೆ? ದೀಪದ ಕೆಳ್ಗೆ ಕುಂತ್ಕಂಡು ಮುಖ ಮುಖ ನೋಡ್ಕಂಡಿರಾಕೆ ಕೊಟ್ರಾ? ನೇಗ್ಲು ಕುಳ ತಟ್ಟಿಸ್ಕಳಕ್ಕೆ ಈಗ ಯಾರೂ ಬರಾಕಿಲ್ಲ. ಎಲ್ರೂ ಗೇಟು ಕೇಳ್ತಾರೆ, ಟ್ರಾಕ್ಟರ್ ಟ್ರೈಲರ್ ರಿಪೇರಿ ಕೇಳ್ತಾರೆ."

ಆಮೇಲೆ ಒಂದು ಒಪ್ಪಂದವಾಯಿತು. ಬಿಸಿಲು ನೆತ್ತಿಯ ಮೇಲಿದ್ದಾಗ ಮಾತ್ರ, ತೆಳು ಕೆಲಸ ಮಾತ್ರ. ಹೊರಡುವಾಗ ಅವರು, "ನೀವು ಬೆಳಗೊಳದ ಬಡಗಿಯೋರ ಮಗ್ಳಂತಲ್ಲಾ? ನಮ್ಮೋರೇಯ ಬುಡಿ," ಎಂದರು. ಪ್ರೀತಿಯಿಂದಲೇ ಅಂದರು. ಆ ಮಾತು ಮುಂದೆ ನನ್ನ ಕಾಲಿಗೆ ತೊಡರುತ್ತದೆಂದು ಆಗ ತಿಳಿಯಲಿಲ್ಲ.

ಕೆಲವು ವರ್ಷ ಕಳೆದವು. ಒಂದು ದಿನ ಯಾರೂ ನಿರೀಕ್ಷಿಸದಿದ್ದಾಗ ಅರಣ್ಯ ಇಲಾಖೆಯ ಒಪ್ಪಿಗೆ ಬಂತು. ಕಂಬ ಬಂದವು, ಲೈನು ಬಂತು. ಕೆಂಪಮ್ಮ ಮೊದಲ ಕಂಬಕ್ಕೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದರು. "ಅಸ್ಲಿ ಬಂತು," ಎಂದು ಎಲ್ಲರಿಗೂ ಬೆಲ್ಲ ಹಂಚಿದರು.

ಅಸಲಿ ಕರೆಂಟು ಬಂದದ್ದೇ ಊರಿನ ಗೊಂದಲ ಇಮ್ಮಡಿಯಾಯಿತು. ಈಗ ಊರಿಗೆ ಎರಡು ಕರೆಂಟು. ಡೀಸೆಲ್ ಜನರೇಟರನ್ನು ತೆಗೆದು, ಅದರ ಜಾಗಕ್ಕೆ ಲೈನನ್ನು ಸೇರಿಸಿದೆವು. ಕೋಣೆಯೊಳಗೆ ದೊಡ್ಡ ಹಿಡಿಯ ಒಂದು ಸ್ವಿಚ್ಚು ಕೂತಿತು. ಹಿಡಿ ಮೇಲಿದ್ದರೆ ಮನೆಗಳಿಗೆ ಲೈನಿನ ಕರೆಂಟು, ಕೆಳಗಿದ್ದರೆ ಬಿಸಿಲಿನ ಕರೆಂಟು. ಎರಡೂ ಒಂದನ್ನೊಂದು ಮುಟ್ಟಬಾರದು. ಭಾರದ ಕೆಲಸದವು, ಅಂದರೆ ಕುಡಿಯುವ ನೀರಿನ ಪಂಪು ಮತ್ತು ಪುಟ್ಟಾಚಾರ್ರ ಕುಲುಮೆ, ಇವನ್ನು ಲೈನಿಗೆ ಮಾತ್ರ ಕೊಟ್ಟೆವು. ಲೈನು ಹೋದರೆ ಮನೆಯಲ್ಲಿ ದೀಪ ಇರುತ್ತದೆ, ಪಂಪು ನಿಲ್ಲುತ್ತದೆ. ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಜನರಿಗೆ ವಿವರಿಸುವುದು ಮಾತ್ರ ನನ್ನಿಂದಾಗಲಿಲ್ಲ. "ದೀಪ ಉರೀತಾ ಅದೆ, ನೀರು ಬತ್ತಿಲ್ಲ, ಇದ್ಯಾವ ಸೀಮೆ ಕರೆಂಟವ್ವ?" ಎಂದು ಹೆಂಗಸರು ಕೇಳುತ್ತಿದ್ದರು. ಲೈನಿನ ಕರೆಂಟು ನೀವು ಬಲ್ಲ ಹಾಗೆ ಹೋಗುತ್ತಿತ್ತು, ಬರುತ್ತಿತ್ತು.

ಆ ಲೈನಿಗೆ ಲೈನ್‌ಮನ್ ಸಿದ್ದರಾಜು. ಬೆಳ್ಳೂರು ಕಡೆಯವನು. ಸಣಕಲು ಮೈ, ಕಂಬ ಹತ್ತಿದರೆ ಅಳಿಲಿನಂತೆ. ಊಟದ ಡಬ್ಬಿ ತಂದವನಲ್ಲ. ಯಾವ ಊರಿನಲ್ಲಿ ಕೆಲಸವಿದ್ದರೆ ಅಲ್ಲಿಯೇ ಯಾರದೋ ಮನೆಯಲ್ಲಿ ಮುದ್ದೆ. ಬೋರೆಕೊಪ್ಪಲಿನಲ್ಲಿ ಅವನಿಗೆ ಕೆಂಪಮ್ಮನ ಮನೆ. "ಏನ್ಲಾ ಸಿದ್ದ, ಕರೆಂಟು ಕೊಡದೆ ಮುದ್ದೆ ನುಂಗಾಕೆ ಬಂದ್ಯಾ?" ಎಂದು ಬೈದುಕೊಂಡೇ ಬಡಿಸುತ್ತಿದ್ದರು.

ಮುಂಗಾರಿಗೆ ಮುಂಚಿನ ಒಂದು ಗಾಳಿಮಳೆ. ಲೈನಿನುದ್ದಕ್ಕೂ ಮರ ಬಿದ್ದು ಕಂಬ ಮುರಿದವು. ಕೆಳಗಿನ ಊರುಗಳದ್ದು ಸರಿಮಾಡಿ ಬೋರೆಕೊಪ್ಪಲಿಗೆ ಬರುವ ಹೊತ್ತಿಗೆ ಹಲವು ದಿನ ಹಿಡಿಯಿತು. ಅಷ್ಟೂ ದಿನ ಅಲ್ಲಿ ಮನೆಯಲ್ಲಿ ದೀಪ ಇತ್ತು, ಕುಡಿಯಲು ನೀರಿರಲಿಲ್ಲ. ಬೋರೆಯ ಕೆಳಗಿನಿಂದ ಹೊತ್ತು ತರಬೇಕಿತ್ತು. ಊರವರು ಫೋನು ಮಾಡುತ್ತಿದ್ದರು, ನಾನು ಇವತ್ತು ನಾಳೆ ಎನ್ನುತ್ತಿದ್ದೆ. ನನ್ನ ಬಳಿ ಇದ್ದ ಜನ ಅಷ್ಟೇ.

ಕಡೆಗೆ ಸಿದ್ದರಾಜು ಅಲ್ಲಿಗೆ ಹೋದ. ನಿಯಮದಂತೆ ಕೆಳಗಿನ ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸು ಕಿತ್ತಿಟ್ಟ. ಲೈನು ಸತ್ತಿದೆ ಎಂದು ನಂಬಿಕೊಂಡು, ಕೊಪ್ಪಲಿಗೆ ಸ್ವಲ್ಪ ಕೆಳಗಿನ ಕಂಬ ಹತ್ತಿದ. ತಂತಿಗೆ ಕೈ ಹಾಕಿದ. ಸತ್ತಿರಬೇಕಾದ ತಂತಿ ಸತ್ತಿರಲಿಲ್ಲ.

ಬೆಲ್ಟು ಕಟ್ಟಿದ್ದರಿಂದ ನೆಲಕ್ಕೆ ಬೀಳಲಿಲ್ಲ, ಕಂಬದ ಮೇಲೆಯೇ ಜೋತುಬಿದ್ದ. ಜೊತೆಗಿದ್ದ ಸಹಾಯಕ ಕೂಗಿಕೊಂಡ. ಮೊದಲು ಓಡಿಬಂದವರು ಪುಟ್ಟಾಚಾರಿ. ಅವರೇ ಯಾರನ್ನೋ ಕೂಗಿ, "ಕ್ವಾಣೇಲಿ ಬಿಸ್ಲು ಕರೆಂಟು ಆರಿಸ್ರಲಾ!" ಎಂದು ಅರಚಿದರಂತೆ. ಕರೆಂಟು ನಿಂತ ಮೇಲೆ ಏಣಿ ಹಾಕಿ, ಅವನನ್ನು ಹೆಗಲ ಮೇಲೆ ಹೊತ್ತು ಇಳಿಸಿದವರೂ ಅವರೇ. ಟ್ರಾಕ್ಟರಿನಲ್ಲಿ ಮಲಗಿಸಿಕೊಂಡು ಬೆಳ್ಳೂರು ಕ್ರಾಸ್ ಕಡೆಯ ಆಸ್ಪತ್ರೆಗೆ ಓಡಿಸಿದರು. ಜೀವ ಉಳಿಯಿತು. ಬಲಗೈ ಸುಟ್ಟಿತ್ತು.

ಆಸ್ಪತ್ರೆಯಲ್ಲಿ ಅವನ ಹೆಂಡತಿಯ ಮುಖ ನೋಡಿಕೊಂಡು ನಾನು ನೇರವಾಗಿ ಬೋರೆಕೊಪ್ಪಲಿಗೆ ಹೋದೆ. ಕೋಣೆಗೆ ಬೀಗವಿತ್ತು, ಆದರೆ ಬೀಗದ ಕೈ ಶಾಲೆಯ ಬಾಗಿಲಿನ ಮೊಳೆಗೆ ತೂಗುಬಿದ್ದಿರುತ್ತದೆಂದು ಇಡೀ ಊರಿಗೆ ಗೊತ್ತು. ಒಳಗೆ ಸ್ವಿಚ್ಚಿನ ಪಕ್ಕದಲ್ಲಿ ಒಂದು ತುಂಡು ವೈರು. ಬಿಸಿಲಿನ ಕರೆಂಟನ್ನು ಲೈನಿನ ಕಡೆಗೆ ಸೇರಿಸಿ ಯಾರೋ ಅಡ್ಡ ಕಟ್ಟಿದ್ದರು. ಹಾಗೆ ಕಟ್ಟಿದರೆ ಬಿಸಿಲಿರುವಷ್ಟು ಹೊತ್ತು ಪಂಪು ತಿರುಗುತ್ತದೆ, ಕುಲುಮೆಗೂ ಕರೆಂಟು ಬರುತ್ತದೆ. ಅದರ ಜೊತೆಗೆ ಕಂಬದ ತಂತಿಯಲ್ಲೂ ಕೆಳಗಿನವರೆಗೆ ಕರೆಂಟು ಹರಿಯುತ್ತದೆ. ಅದು ಕಟ್ಟಿದವರಿಗೆ ಗೊತ್ತಿತ್ತೋ ಇಲ್ಲವೋ?

ಹೊರಗೆ ಬಂದೆ. ಜಗಲಿ ಜಗಲಿಯ ಮೇಲೆ ಬಿಂದಿಗೆಗಳು ಸಾಲಾಗಿದ್ದವು, ಎಲ್ಲವೂ ತುಂಬಿದ್ದವು. ಬೀದಿಯಲ್ಲಿ ಜನ ನಿಂತಿದ್ದರು. "ಯಾರು ಕಟ್ಟಿದ್ದು?" ಎಂದು ಕೇಳಿದೆ. ನನ್ನ ಕಣ್ಣು ತಪ್ಪಿಸಿ ಎಲ್ಲರೂ ನೆಲ ನೋಡುತ್ತಿದ್ದರು. ಒಬ್ಬಿಬ್ಬರ ನೋಟ ಮಾತ್ರ ಇಳಿಜಾರಿನ ಕುಲುಮೆಯ ಕಡೆ ಹೊರಳಿ ಬಂತು.

ಪುಟ್ಟಾಚಾರಿ ಕುಲುಮೆಯ ಮುಂದೆ ಕೂತಿದ್ದರು. ಬೆಂಕಿ ಆರಿತ್ತು. ಸಿದ್ದರಾಜುವಿನ ರಕ್ತವೋ ಮತ್ತೇನೋ ಅವರ ಹೆಗಲ ಮೇಲೆ ಒಣಗಿತ್ತು.

"ಆಚಾರ್ರೆ, ನೀವಾ?"

"ನಾನಲ್ಲ ಮೇಡಂ." ಆರಿದ ಇದ್ದಿಲನ್ನು ಕಡ್ಡಿಯಲ್ಲಿ ಕೆದಕುತ್ತ, "ಈ ಊರ್ನಾಗೆ ವೈರು ಮುಟ್ಟಾಕೆ ಬರಾದು ನಂಗೊಬ್ಬನ್ಗೇ ಅಂತ ಎಲ್ರೂ ಅಂದ್ಕಂಡವ್ರೆ. ನಾನಲ್ಲ ಅಂದ್ರೂ ನಂಬಾಕಿಲ್ಲ. ನಿಮ್ಗೆ ಎಂಗನ್ನಿಸ್ತದೋ ಅಂಗೆ ಬರ್ಕಳಿ," ಎಂದರು.

ನನಗೆ ಏನನ್ನಿಸುತ್ತದೆ ಎಂದು ನನಗೇ ತಿಳಿಯಲಿಲ್ಲ. ಒಂದು ಕ್ಷಣ ಇವರೇ ಎನ್ನಿಸಿತು. ಇವರಲ್ಲದಿದ್ದರೆ ಬಿಸಿಲಿನ ಕರೆಂಟು ಆರಿಸಿ ಎಂದು ಅಷ್ಟು ಬೇಗ ಕೂಗಲು ಹೇಗೆ ತಿಳಿಯಿತು? ಮರುಕ್ಷಣ, ಕರೆಂಟಿನ ತಿಳಿವಳಿಕೆ ಇರುವ ಯಾರಾದರೂ ಹಾಗೇ ಕೂಗುತ್ತಿದ್ದರು ಎನ್ನಿಸಿತು. ಇವರಲ್ಲದೆ ಇದ್ದರೆ ಯಾರೆಂದು ಇವರಿಗೆ ಗೊತ್ತಿರಬಹುದು, ಹೇಳುತ್ತಿಲ್ಲ. ಮನೆಗೆ ಬರುವವರೆಗೂ ಇದೇ ಯೋಚನೆ ಮುಂದೆ ಹಿಂದೆ ಓಡಾಡಿತು.

ವಿಚಾರಣೆ ಶುರುವಾಯಿತು. ದೊಡ್ಡ ಸಾಹೇಬರು ನನ್ನನ್ನು ಕರೆಸಿದರು. "ನೋಡಮ್ಮ, ಒಬ್ಬ ನೌಕರನ ಕೈ ಹೋಗಿದೆ. ಒಂದು ಹೆಸರು ಬರೆದುಕೊಡಿ. ಪೊಲೀಸ್ ಕೇಸಾಗುತ್ತೆ, ನಮ್ಮ ಮೇಲಿನ ಹೊಣೆ ಇಳಿಯುತ್ತೆ."

"ಯಾರು ಅಂತ ಗೊತ್ತಿಲ್ಲ ಸರ್."

"ಆ ಊರಲ್ಲಿ ವೈರಿಂಗ್ ಗೊತ್ತಿರೋನು ಆ ಕಮ್ಮಾರ ಒಬ್ಬನೇ ಅಂತೆ."

"ಗೊತ್ತಿರೋದು ಬೇರೆ, ಮಾಡಿದ್ದು ಬೇರೆ ಸರ್. ನೀರು ಇಡೀ ಊರಿಗೆ ಬೇಕಿತ್ತು."

ಅವರು ಕುರ್ಚಿಗೆ ಒರಗಿ ನನ್ನನ್ನು ನೋಡಿದರು. "ನೀವೂ ಅವನೂ ಒಂದೇ ಜನ ಅಂತ ಕೇಳಿದೆ."

ನಾನು ಎದ್ದು ಬಂದೆ. ಆದರೆ ಆ ಮಾತು ನನ್ನೊಳಗೇ ಕೂತಿತು. ಅದು ನಿಜವೇ? ಪುಟ್ಟಾಚಾರಿ ನಮ್ಮವರಲ್ಲದಿದ್ದರೆ ನಾನು ಇಷ್ಟು ಹೊತ್ತಿಗೆ ಹೆಸರು ಬರೆದಿರುತ್ತಿದ್ದೆನೇ? ಕೈ ಸುಟ್ಟು ಮಲಗಿರುವ ಸಿದ್ದರಾಜುವಿಗೆ ನಾನು ಮೋಸ ಮಾಡುತ್ತಿದ್ದೇನೆಯೇ?

ಎರಡು ದಿನ ಬಿಟ್ಟು ಕೆಂಪಮ್ಮ ಬಸ್ಸು ಹತ್ತಿ ನಾಗಮಂಗಲದ ನನ್ನ ಆಫೀಸಿಗೆ ಬಂದರು. ಹೊಸ ಸೀರೆ ಉಟ್ಟಿದ್ದರು, ಮದುವೆಗೆ ಹೊರಟವರ ಹಾಗೆ. ಕುರ್ಚಿಯ ಮೇಲೆ ಕೂರದೆ ನಿಂತೇ ಹೇಳಿದರು.

"ವೈರು ಕಟ್ಟಿದ್ದು ನಾನು ಕಣವ್ವ. ನನ್ನೆಸ್ರು ಬರ್ಕೊ."

"ನೀವಾ? ಅಜ್ಜಿ, ಯಾಕೆ ಸುಳ್ಳು ಹೇಳ್ತೀರಿ?"

"ಸುಳ್ಳು ಯಾಕಾದದು? ನೀರಿಲ್ದೆ ಜನ ಸಾಯ್ತಿದ್ರು. ಕಟ್ದೆ."

"ಎಲ್ಲಿಂದ ಎಲ್ಲಿಗೆ ಕಟ್ಟಿದಿರಿ, ಹೇಳಿ."

ಅವರು ತಡವರಿಸಿದರು. "ಮೇಲ್ಗಡೆಯಿಂದ... ಆ ಡಬ್ಬಕ್ಕೆ. ಕೆಂಪು ವೈರು."

ಅಲ್ಲಿದ್ದದ್ದು ಕಪ್ಪು ವೈರು. ನಾನು ಹಾಗೆಂದೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು, "ನಂಗೆ ಕಣ್ಣು ಮಂಜು. ಕಪ್ಪೋ ಕೆಂಪೋ," ಎಂದರು. ಆಮೇಲೆ ದನಿ ತಗ್ಗಿಸಿ, "ನಂಗೆ ವಯಸ್ಸಾಯ್ತು ಮಗ. ಜೈಲಿಗಾಕುದ್ರೂ ಎಷ್ಟು ದಿನ ಇಟ್ಕತಾರೆ? ಊರ್ನಾಗೆ ಒಬ್ಬನ ಮನೆ ಕೆಡಿಸ್ಬ್ಯಾಡಿ. ಆ ಸಿದ್ದ ನನ್ ಕೈ ಮುದ್ದೆ ತಿಂದೋನು. ಆಸ್ಪತ್ರೇಗೋಗಿ ಅವನ ಮುಂದ್ಕೆ ನಿಂತ್ಕಳಕ್ಕೆ ನಂಗೆ ಮುಖ ಇಲ್ಲ," ಎಂದು ಅತ್ತುಬಿಟ್ಟರು.

ಯಾರನ್ನು ಕಾಪಾಡುತ್ತಿದ್ದಾರೆ? ಪುಟ್ಟಾಚಾರಿಯನ್ನೋ, ತಮ್ಮದೇ ಮನೆಯವರನ್ನೋ, ಇಲ್ಲ, ಯಾರೆಂದು ತಮಗೇ ಗೊತ್ತಿಲ್ಲದೆ ಇಡೀ ಊರನ್ನೋ? ನಾನು ಎಷ್ಟು ಕೇಳಿದರೂ, "ನಾನೇ ಅಂದ್ನಲ್ಲ," ಎಂಬುದೊಂದೇ ಉತ್ತರ. ಆ ಹೆಸರನ್ನು ಬರೆದುಕೊಟ್ಟಿದ್ದರೆ ದೊಡ್ಡ ಸಾಹೇಬರು ಸಂತೋಷವಾಗಿ ತೆಗೆದುಕೊಳ್ಳುತ್ತಿದ್ದರು. ಪೆನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತೆ. ಕೊನೆಗೆ ಅಜ್ಜಿಗೆ ಕಾಫಿ ತರಿಸಿಕೊಟ್ಟು, ಸಂಜೆಯ ಬಸ್ಸಿಗೆ ಹತ್ತಿಸಿ ಬಂದೆ.

ನನ್ನ ವರದಿಯಲ್ಲಿ, ವೈರು ಕಟ್ಟಿದವರು ಯಾರೆಂದು ನನಗೆ ತಿಳಿದಿಲ್ಲ ಎಂದು ಬರೆದೆ. ಯಾರಾದರೂ ಅಡ್ಡ ವೈರು ಕಟ್ಟಿದರೂ ಎರಡು ಕರೆಂಟು ಸೇರದಂತೆ ತಡೆಯುವ ಯಂತ್ರ ಅಲ್ಲಿ ಇರಲಿಲ್ಲ, ಅದು ಬೇಕು ಎಂದೂ, ನೀರಿನ ಪಂಪಿಗೆ ಬೇರೆಯದೇ ಸೋಲಾರ್ ಕೊಡಬೇಕು ಎಂದೂ ಬರೆದೆ. ಸಾಹೇಬರು ಅದನ್ನು ಓದಿ ಮೇಜಿನ ಮೇಲೆ ಎಸೆದರು. ನನಗೆ ಪಾಂಡವಪುರಕ್ಕೆ ವರ್ಗವಾಯಿತು. ಬೋರೆಕೊಪ್ಪಲಿನ ಘಟಕಕ್ಕೆ ಬೀಗ ಬಿದ್ದು, ಬಹಳ ದಿನದ ಮೇಲೆ ನಾನು ಬರೆದ ಹಾಗೆಯೇ ಬದಲಾವಣೆಗಳಾಗಿ ಮತ್ತೆ ಶುರುವಾಯಿತಂತೆ. ಯಾರ ಮೇಲೂ ಕೇಸಾಗಲಿಲ್ಲ.

ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಆ ಹೊತ್ತಿಗೆ ಮನೆಮನೆಯ ತಾರಸಿಯ ಮೇಲೆ ಸೋಲಾರ್ ಬರತೊಡಗಿತ್ತು. ಹಗಲಲ್ಲಿ ಲೈನು ಹೋದರೆ ಆ ಪ್ಯಾನೆಲ್ಲುಗಳೂ ತಾವೇ ನಿಂತುಬಿಡುತ್ತವೆ. ಬೆಳಗೊಳದಲ್ಲಿ ನನ್ನ ಅಣ್ಣನೇ ಫೋನು ಮಾಡಿ ಕೂಗಾಡಿದ: "ಅಲ್ಲ ಕಣಮ್ಮಿ, ಬಿಸ್ಲು ತಲೆ ಸುಡ್ತಾ ಅದೆ, ಮನೆ ಮ್ಯಾಲೆ ಅಷ್ಟೊಂದು ಪಿಲೇಟು ಅವೆ, ಒಂದು ಫ್ಯಾನು ತಿರುಗ್ತಿಲ್ಲ. ಇದೇನು ಮೋಸ?"

"ಮೋಸ ಅಲ್ಲಣ್ಣ. ಆಗ ಯಾವನೋ ಒಬ್ಬ ಕಂಬದ ಮೇಲೆ ಇರ್ತಾನೆ," ಎಂದೆ.

ಮುಂದೆ ಇಂಥ ದೂರು ಯಾರು ತಂದರೂ ಇದೊಂದೇ ಮಾತು ಹೇಳುತ್ತಿದ್ದೆ. ಹೊಸಬರಿಗೂ ಇದನ್ನೇ ಹೇಳುತ್ತೇನೆ. ಈಗ ಎಲ್ಲವೂ ತಾನಾಗಿ ಆಗುತ್ತದೆ, ಫೋನಿನಲ್ಲಿಯೇ ಕಾಣುತ್ತದೆ. ಆದರೂ ಜನರಿಗೆ ನೀರಿಲ್ಲದ ದಿನ ಅವರು ಏನು ಮಾಡುತ್ತಾರೆಂಬುದು ಯಾವ ಫೋನಿನಲ್ಲೂ ಕಾಣುವುದಿಲ್ಲ.

ಸಿದ್ದರಾಜುವಿನ ಬಲಗೈಯ ಬೆರಳುಗಳು ಮಡಚಿಕೊಂಡೇ ಉಳಿದವು. ಕಂಬ ಹತ್ತುವಂತಿಲ್ಲ, ಆಫೀಸಿನಲ್ಲಿ ಕೂರು ಎಂದರು. ಅವನು ಒಂದು ವರ್ಷ ಕೂತು, ಕಂಬ ಹತ್ತದೆ ಕೆಳಗೆ ನಿಂತೇ ನೋಡಿಕೊಳ್ಳುತ್ತೇನೆ, ಬೋರೆಕೊಪ್ಪಲಿನ ಲೈನೇ ಬೇಕೆಂದು ಕೇಳಿ ಹಾಕಿಸಿಕೊಂಡನೆಂದು ಯಾರೋ ಹೇಳಿದರು. ಕೇಳಿ ನನಗೆ ಅಚ್ಚರಿಯಾಯಿತು, ಹೆದರಿಕೆಯೂ ಆಯಿತು. ಸೇಡಿಗೆ ಹೋದನೋ?

ನಿವೃತ್ತಿಯಾದ ಮೇಲೆ ಪಿಂಚಣಿಯ ಯಾವುದೋ ಕೆಲಸಕ್ಕೆ ನಾಗಮಂಗಲಕ್ಕೆ ಹೋದವಳು, ತಡೆಯಲಾರದೆ ಬೋರೆಕೊಪ್ಪಲಿನ ಬಸ್ಸು ಹತ್ತಿದೆ. ಕೆಂಪಮ್ಮ ತೀರಿಕೊಂಡು ವರ್ಷವಾಗಿತ್ತು. ಇಳಿಜಾರಿನಲ್ಲಿ ಕುಲುಮೆಯ ಬೆಂಕಿ ಕಂಡಿತು. ಪುಟ್ಟಾಚಾರಿ ಸುತ್ತಿಗೆ ಹಿಡಿದಿದ್ದರು, ಎದುರಿಗೆ ಕಲ್ಲಿನ ಮೇಲೆ ಸಿದ್ದರಾಜು ಕೂತಿದ್ದ. ಇಬ್ಬರ ನಡುವೆ ಉದ್ದನೆಯ ಬಿದಿರು ಗಳುವಿನ ತುದಿಗೆ ಕೊಕ್ಕೆ, ಕೊಕ್ಕೆಗೆ ಸರಪಳಿ. ಯಾರಾದರೂ ಕಂಬ ಹತ್ತುವ ಮೊದಲು ಕೆಳಗೆ ನಿಂತೇ ಸರಪಳಿಯನ್ನು ನೆಲಕ್ಕೆ ಹೂತ ಕಬ್ಬಿಣಕ್ಕೆ ಕಟ್ಟಿ, ಆ ಕೊಕ್ಕೆಯನ್ನು ತಂತಿಗೆ ತಗುಲಿಸಿದರೆ, ತಂತಿಯಲ್ಲಿ ಕಳ್ಳ ಕರೆಂಟಿದ್ದರೂ ನೆಲಕ್ಕೆ ಇಳಿದುಹೋಗುತ್ತದೆ. ಇಲಾಖೆ ಕೊಟ್ಟದ್ದು ಭಾರ, ಒಂದು ಕೈಯಲ್ಲಿ ಎತ್ತಲಾಗುವುದಿಲ್ಲವಂತೆ. ಅದಕ್ಕೆ ಪುಟ್ಟಾಚಾರಿ ಹಗುರವಾದದ್ದು ಮಾಡಿಕೊಡುತ್ತಿದ್ದರು. ಸಿದ್ದರಾಜು ಎಡಗೈಯಲ್ಲಿ ಅದನ್ನೆತ್ತಿ ತೂಗಿ ನೋಡಿ, "ವಸಿ ತುದಿ ಬಗ್ಗಿಸಿ ಆಚಾರ್ರೆ," ಎಂದ. ಅವರು ಮತ್ತೆ ಬೆಂಕಿಗಿಟ್ಟರು.

ಹೊರಡುವಾಗ ಸಿದ್ದರಾಜು ನನ್ನನ್ನು ಬಸ್ಸಿನವರೆಗೆ ಬಿಡಲು ಬಂದ. ಬಹಳ ವರ್ಷ ಎದೆಯಲ್ಲಿದ್ದದ್ದನ್ನು ಕೇಳಿಬಿಟ್ಟೆ. "ಸಿದ್ದರಾಜು, ಯಾರು ಅಂತ ನಿನಗೆ ಗೊತ್ತಾಯ್ತಾ?"

"ಇಲ್ಲ ಮೇಡಂ."

"ಯಾರನ್ನೂ ಕೇಳಲಿಲ್ವಾ? ಇಷ್ಟು ವರ್ಷ ಇಲ್ಲೇ ಇದ್ದೀಯಲ್ಲ."

ಅವನು ಮಡಚಿದ ಕೈಯನ್ನು ಟವೆಲಿನೊಳಗೆ ಸುತ್ತಿಕೊಂಡು ನಡೆಯುತ್ತಲೇ ಹೇಳಿದ.

"ಒಂದೊಂದ್ಸಲ ಯಾರಾದ್ರೂ ಏಳಾಕೆ ಬತ್ತಾರೆ ಮೇಡಂ. ನಾನೇ ಬ್ಯಾಡ ಅಂದ್ಬುಡ್ತೀನಿ. ಗೊತ್ತಾಗ್ಬುಟ್ರೆ, ಆಮೇಕೆ ಈ ಊರ್ನಾಗೆ ನಾನು ಯಾರ ಮನೇಲಿ ನೀರು ಕುಡೀಲಿ?"